ವೈರಲ್ ಲೋಡ್ ಟೆಸ್ಟಿಗೆ ಇನ್ಮೇಲೆ ಬೆಳಿಗ್ಗೆ ಮಾತ್ರ ರಕ್ತ ತಗೋತೀವಿ

ಎಲ್ಲರಿಗೂ ನಮಸ್ಕಾರ,

ಬರೋ ಸೋಮವಾರದಿಂದ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಎಣಿಸೋ) ಟೆಸ್ಟಿಗೆ ರಕ್ತ ಕೊಡೋರು ಬೆಳಿಗ್ಗೆ 7ರಿಂದ 11ರೊಳಗೆ ಬರಬೇಕು, ಸಂಜೆ ಮನೆಗೆ ಬಂದು ತಗೊಳ್ಳೋದು ಈ ಮೂರಕ್ಕೆ ಇರಲ್ಲ. ಶುಗರ್, ಥೈರಾಯ್ಡ್, ಸಿಬಿಸಿ ಎಲ್ಲಾ ಮೊದಲಿನ ಥರಾನೇ.

ಕೆಲಸಕ್ಕೆ ಹೋಗೋರಿಗೆ ಇದು ಕಿರಿಕಿರಿ ಅಂತ ಗೊತ್ತು, ಆದ್ರೆ ಈ ಟೆಸ್ಟ್ ಆಗೋದು ಬೆಂಗಳೂರಲ್ಲಿ, ಸ್ಯಾಂಪಲ್ ಹೋಗೋದು ರಾತ್ರಿ ಬಸ್ಸಲ್ಲಿ, ನಮ್ಮ ರಾಯಚೂರು ಬಿಸಿಲು ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಲ್ಲಿರೋ ರಕ್ತಾನ ಸಾಮಾನ್ಯವಾಗಿ 25 ಡಿಗ್ರಿ ಮೀರದ ಹಾಗೆ ಇಟ್ಟು 24 ಗಂಟೆಯೊಳಗೆ ಪ್ಲಾಸ್ಮಾ (ರಕ್ತಕಣ ಬಿಟ್ಟು ಉಳಿಯೋ ನೀರಿನಂಥ ಭಾಗ) ಬೇರೆ ಮಾಡ್ಬೇಕು, ಕೆಲವು ಕಿಟ್‌ಗಳಿಗೆ ಇನ್ನೂ ಬೇಗ. ಅದಕ್ಕೇ ಬೆಳಿಗ್ಗೆ ತಗೊಂಡಿದ್ದನ್ನ ಮಧ್ಯಾಹ್ನದೊಳಗೆ ಇಲ್ಲೇ ಸೆಂಟ್ರಿಫ್ಯೂಜಿಗೆ (ಜೋರಾಗಿ ತಿರುಗಿಸೋ ಮಷಿನ್) ಹಾಕಿ, ಮೇಲೆ ನಿಲ್ಲೋ ಹಳದಿ ಪ್ಲಾಸ್ಮಾ ಮಾತ್ರ ಬೇರೆ ವಯಲ್‌ಗೆ ಎಳೆದು, 2ರಿಂದ 8 ಡಿಗ್ರಿ ಬಾಕ್ಸಲ್ಲಿ ಕಳಿಸ್ತೀವಿ. ಬಾಕ್ಸಿನ ಖರ್ಚಿಗೆ 60 ರೂಪಾಯಿ ಜಾಸ್ತಿ ಆಗುತ್ತೆ.

ಪ್ಲಾಸ್ಮಾ ಬೇರೆ ಮಾಡದೆ ಹಾಗೇ ಬಿಟ್ರೆ ಏನಾಗುತ್ತೆ ಅಂದ್ರೆ, ಎಚ್‌ಐವಿ ಮತ್ತೆ ಹೆಪಟೈಟಿಸ್ ಸಿ ಎರಡೂ ಆರ್‌ಎನ್‌ಎ ವೈರಸ್ (ಅವುಗಳ ವಂಶವಾಹಿ ಆರ್‌ಎನ್‌ಎ ಅನ್ನೋ ಬೇಗ ಕೆಡೋ ವಸ್ತು), ಬಿಸಿಗೆ ಆ ಆರ್‌ಎನ್‌ಎ ಮುರಿದುಹೋಗಿ ನಂಬರ್ ಇರೋದಕ್ಕಿಂತ ಕಮ್ಮಿ ಬರುತ್ತೆ. ಕಮ್ಮಿ ಬಂದ್ರೆ ಒಳ್ಳೇದೇ ಅಲ್ವಾ ಅಂತ ಕೌಂಟರಲ್ಲಿ ಒಬ್ರು ಕೇಳಿದ್ರು. ಅಲ್ಲ ಸ್ವಾಮಿ, ಮಾತ್ರೆ ಕೆಲಸ ಮಾಡ್ತಿಲ್ಲ ಅನ್ನೋದೇ ಡಾಕ್ಟ್ರಿಗೆ ಗೊತ್ತಾಗಲ್ಲ! ಎಚ್‌ಐವಿ ಸ್ಯಾಂಪಲಲ್ಲಿ ಬಿಳಿ ರಕ್ತಕಣ ಒಡೆದು ಒಳಗಿನ ವೈರಸ್ಸಿನ ಅಂಶ ಪ್ಲಾಸ್ಮಾಗೆ ಸೇರ್ಕೊಂಡು ನಂಬರ್ ಜಾಸ್ತಿ ಬರೋದೂ ಉಂಟು. ಹೆಪಟೈಟಿಸ್ ಬಿ ಡಿಎನ್‌ಎ ವೈರಸ್, ಸ್ವಲ್ಪ ಗಟ್ಟಿ, ಆದ್ರೂ ಒಂದೊಂದಕ್ಕೆ ಒಂದೊಂದು ಟೈಮ್ ಇಟ್ರೆ ಗೊಂದಲ ಅಂತ ಮೂರಕ್ಕೂ ಒಂದೇ ರೂಲ್ ಮಾಡಿದೀವಿ. ಆಂಟಿಬಾಡಿ (ವೈರಸ್ ವಿರುದ್ಧ ಮೈ ಮಾಡ್ಕೊಳ್ಳೋ ಅಂಶ) ನೋಡೋ ಕಾರ್ಡ್ ಟೆಸ್ಟಿಗೆ ಇಷ್ಟೆಲ್ಲಾ ಬೇಡ, ಯಾವಾಗ ಬೇಕಾದ್ರೂ ಬನ್ನಿ.

ನರ್ಸಿಂಗ್ ಹೋಮಲ್ಲಿ ರಕ್ತ ತೆಗೆಸಿ ತಂದುಕೊಡೋರು ದಯವಿಟ್ಟು ಫ್ರೀಜರಲ್ಲಿ ಇಡಬೇಡಿ, ಕೆಂಪು ಕಣ ಒಡೆದು ಹಿಮೋಗ್ಲೋಬಿನ್ ಹೊರಗೆ ಬಂದು ಪಿಸಿಆರ್ (ವೈರಸ್ ಎಣಿಸೋ ವಿಧಾನ) ಕೆಡುತ್ತೆ. ಐಸ್ ಗಡ್ಡೆಗೆ ಟ್ಯೂಬ್ ನೇರವಾಗಿ ತಾಗಿಸೋದೂ ಬೇಡ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬೂ ನಡೆಯಲ್ಲ, ಹೆಪಾರಿನ್ ಕೂಡ ಪಿಸಿಆರ್‌ಗೆ ಅಡ್ಡ ಬರುತ್ತೆ. ರಕ್ತ ತೆಗೆದ ಟೈಮನ್ನ ಟ್ಯೂಬ್ ಮೇಲೆ ಬರೆಸ್ಕೊಂಡು ಬನ್ನಿ, ಇಲ್ಲಾಂದ್ರೆ ಇನ್ನೊಂದ್ಸಲ ಸೂಜಿ ಚುಚ್ಚಿಸ್ಕೋಬೇಕಾಗುತ್ತೆ.

ಇಂತಿ,
ನಿಮ್ಮ ಲ್ಯಾಬಿನವರು, ರಾಯಚೂರು