ಗೇರ್ ಆಯಿಲ್ ನೋಡಿದೀವಿ ಅಂದ್ರೆ ಸಾಲ್ದು, ಬೋಲ್ಟ್ ಬಿಚ್ಚಿ ತೋರಿಸ್ಲಿ

ಮಾನ್ಯ ಸಂಪಾದಕರೇ,

ನಮ್ಮನೇಲಿ 2004ರ ಮಾರುತಿ 800 ಐತೆ, ಅಪ್ಪಾಜಿ ತಗೊಂಡಿದ್ದ ಗಾಡಿ, 15 ವರ್ಷ ಆದ್ಮೇಲೆ ಆರ್‌ಟಿಓದಲ್ಲಿ ಮತ್ತೆ ರಿಜಿಸ್ಟ್ರೇಷನ್ ಮಾಡಿಸ್ಕೊಂಡು ಇವತ್ತಿಗೂ ಓಡಿಸ್ತಿದೀವಿ. ಈ ಗಾಡಿ ತಯಾರು ಮಾಡೋದನ್ನ ಕಂಪನಿ 2014ಕ್ಕೇ ನಿಲ್ಲಿಸ್ತು, ಆದ್ರೂ ದಾವಣಗೆರೆ ಓಣಿ ಓಣೀಲಿ ಇನ್ನೂ ಎಷ್ಟು 800, ಓಮ್ನಿ, ಹಳೇ ಆಲ್ಟೋ ಅದಾವೆ ನೋಡಿ, ಇಟ್ಕೊಂಡಿರೋರು ನಮ್ಮಂಥ ಮಧ್ಯಮ ವರ್ಗದ ಜನಾನೇ, ಅದಕ್ಕೇ ಈ ಪತ್ರ.

ಮೂರ್ನಾಲ್ಕು ತಿಂಗಳಿಂದ ಹದಡಿ ರೋಡಲ್ಲಿ ಹಂಪ್ ಬಂದಾಗ ಮೂರನೇ ಗೇರಿಂದ ಎರಡಕ್ಕೆ ಹಾಕಿದ್ರೆ ಕರ್ರ್ ಅಂತಿತ್ತು, ಸ್ಪೀಡ್ ಹೆಚ್ಚಾದ್ರೆ ಕೆಳಗಿಂದ ಗುಂಯ್ ಅನ್ನೋ ಸದ್ದು ಬೇರೆ. ಗ್ಯಾರೇಜಿಗೆ ಬಿಟ್ಟೆ, ಸರ್ವಿಸ್ ಆಯ್ತು, ಬಿಲ್ಲಲ್ಲಿ ಗೇರ್ ಆಯಿಲ್ (ಗೇರ್ ಬಾಕ್ಸ್ ಒಳಗಿನ ಹಲ್ಲು ಸವೀದಂಗೆ ಹಾಕೋ ಎಣ್ಣೆ) ಚೆಕ್ ಅಂತ ಟಿಕ್ ಮಾಡಿದ್ರು, ಸದ್ದು ಮಾತ್ರ ಹಂಗೇ ಇತ್ತು. ಕೇಳಿದ್ರೆ ಗಾಡಿ ಹಳೇದಾಯ್ತು ಸಾರ್, ಗೇರ್ ಬಾಕ್ಸ್ ಇಳಿಸ್ಬೇಕು ಅಂದ್ರು. ಇಳಿಸೋದು ಅಂದ್ರೆ ಸಾವಿರಗಟ್ಲೆ ಖರ್ಚು, ಮನಸ್ಸು ಒಪ್ಪಲಿಲ್ಲ, ಭಾನುವಾರ ಬೆಳಿಗ್ಗೆ ನಾನೇ ಗಾಡಿ ಕೆಳಗೆ ಮಲಗಿದೆ.

ಎಂಜಿನ್ ಆಯಿಲಿಗೆ ಡಿಪ್ ಸ್ಟಿಕ್ ಅಂತ ಅಳತೆ ಕಡ್ಡಿ ಇರ್ತದೆ, ಎಳೆದು ನೋಡಬಹುದು, ಗೇರ್ ಬಾಕ್ಸಿಗೆ ಸಾಮಾನ್ಯವಾಗಿ ಅದು ಇರಲ್ಲ. ಪಕ್ಕದಲ್ಲಿ ಒಂದು ಫಿಲ್ಲರ್ ಬೋಲ್ಟ್ ಇರ್ತದೆ, ಅದನ್ನ ಬಿಚ್ಚಿದಾಗ ಆಯಿಲ್ ಆ ತೂತಿನ ಕೆಳಗಿನ ಅಂಚಿನ ತನಕ ನಿಂತಿರಬೇಕು, ಅಷ್ಟೇ ಲೆಕ್ಕ. ಅಂದ್ರೆ ಬೋಲ್ಟ್ ಬಿಚ್ಚದೆ ಚೆಕ್ ಮಾಡಿದೀವಿ ಅಂದ್ರೆ ಅದು ಚೆಕ್ಕೇ ಅಲ್ಲ. ನಮ್ಮ ಗಾಡಿ ಬೋಲ್ಟ್ ಮೇಲೆ ಮಣ್ಣು, ಗ್ರೀಸು ಸೇರಿ ಗಟ್ಟಿ ಹೆಪ್ಪು ಕಟ್ಟಿತ್ತು, ಸ್ಪ್ಯಾನರ್ ಕೂರಿಸೋಕೆ ಸ್ಕ್ರೂ ಡ್ರೈವರ್‌ನಿಂದ ಕೆರೀಬೇಕಾಯ್ತು, ವರ್ಷಗಟ್ಲೆ ಯಾರೂ ಮುಟ್ಟಿಲ್ಲ ಅನ್ನೋದು ನೋಡಿದ್ರೇ ಗೊತ್ತಾಗ್ತಿತ್ತು. ಬೆರಳು ಒಳಗೆ ಹಾಕಿ ಕೆಳಕ್ಕೆ ಮಡಚಿದೆ, ಎರಡನೇ ಗೆಣ್ಣಿನ ತನಕ ಹೋದ್ರೂ ಬೆರಳು ಒಣಗಿದ್ದೇ ಬಂತು. ಆಮೇಲೆ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿದ್ರೆ ಗಾಡಿ ಜೊತೆ ಬಂದ ಬುಕ್ಕಲ್ಲಿ ಬರೆದಿರೋ ಅಳತೇಲಿ ಅರ್ಧಾನೂ ಇಳೀಲಿಲ್ಲ, ಇಳಿದಿದ್ದೂ ಕರೀ ಕಾಡಿಗೆ. ಬೋಲ್ಟಿನ ಮ್ಯಾಗ್ನೆಟ್ಟಿಗೆ ಬೂದಿ ಬಣ್ಣದ ನುಣ್ಣನೆ ಪೇಸ್ಟ್ ಹತ್ತಿತ್ತು, ಅದು ಸಹಜ, ಕಬ್ಬಿಣದ ಚೂರು ಸಿಕ್ಕಿದ್ರೆ ಮಾತ್ರ ಗೇರಿನ ಹಲ್ಲು ಮುರಿದಿದೆ ಅಂತ ಭಯ ಪಡಬೇಕು.

ಮನೇಲೇ ಮಾಡೋರು ಒಂದು ಮಾತು ಮರೀಬೇಡಿ, ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ, ಅದು ಬಿಚ್ತದೆ ಅಂತ ಖಾತ್ರಿ ಆದ್ಮೇಲೇ ಕೆಳಗಿನದು. ಕೆಳಗಿನದು ಬಿಚ್ಚಿ ಆಯಿಲ್ ಎಲ್ಲಾ ಸುರಿದ್ಮೇಲೆ ಮೇಲಿನದು ಜಾಮ್ ಆಗಿ ಕೂತ್ರೆ ಗಾಡಿ ಅಲ್ಲೇ ನಿಲ್ತದೆ. ಇನ್ನೊಂದು, ಗಾಡಿ ಸಮತಟ್ಟಾಗಿರ್ಬೇಕು, ಮುಂದೆ ಮಾತ್ರ ಎತ್ತಿದ್ರೆ ಲೆವೆಲ್ ತಪ್ಪು ತೋರಿಸ್ತದೆ, ನಾನು ಗೆಳೆಯನ ಹತ್ರ ಗಾಡಿ ಭಾರ ಹೊರೋ ನಾಲ್ಕು ಸ್ಟ್ಯಾಂಡ್ ತಂದು ನಾಲ್ಕೂ ಕಡೆ ಇಟ್ಟೆ. ಬರೀ ಜಾಕ್ ನಂಬ್ಕೊಂಡು, ಇಲ್ಲಾ ಇಟ್ಟಿಗೆ, ಸೈಜುಗಲ್ಲು ಪೇರಿಸಿ ಕೆಳಗೆ ತೂರಬೇಡ್ರಪ್ಪ, ದಯವಿಟ್ಟು, ಅದು ಪ್ರಾಣಕ್ಕೆ ಕುತ್ತು.

ಆಯಿಲ್ ತಗೊಳ್ಳೋದು ಇನ್ನೊಂದು ಕಥೆ. ನಮ್ಮೂರಲ್ಲಿ ಅಂಗಡಿಗೆ ಹೋಗಿ ಗೇರ್ ಆಯಿಲ್ ಕೊಡಿ ಅಂದ್ರೆ ಟ್ರಾಕ್ಟರ್, ಲಾರಿಗೆ ಹಾಕೋದನ್ನೇ ತೆಗೆದು ಕೊಡ್ತಾರೆ, 90 ಅಂದ್ರೆ 90 ಅಲ್ವಾ ಅಂತಾರೆ. ಅಲ್ಲ. ನಂಬರ್ ಬರೀ ದಪ್ಪ ಎಷ್ಟು ಅಂತ ಹೇಳ್ತದೆ, ಡಬ್ಬಿ ಹಿಂದೆ ಜಿಎಲ್-4, ಜಿಎಲ್-5 ಅಂತ ಆಯಿಲಿನ ದರ್ಜೆ ಬರೆದಿರ್ತದೆ ಅದನ್ನ ನೋಡ್ಬೇಕು. ಜಿಎಲ್-5 ಲಾರಿ, ಜೀಪುಗಳ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಡಿಫ್ರೆನ್ಶಿಯಲ್‌ಗೆ ಅಂತ ಮಾಡಿದ್ದು, ಅದರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ, ನಮ್ಮ ಗೇರ್ ಬಾಕ್ಸ್ ಒಳಗೆ ಗೇರ್ ಬದಲಿಸುವಾಗ ವೇಗ ಹೊಂದಿಸೋ ಸಿಂಕ್ರೋ ರಿಂಗ್ ಹಿತ್ತಾಳೆ ಜಾತಿ ಲೋಹದ್ದು, ಅದಕ್ಕೆ ಇದು ಆಗಿಬರಲ್ಲ, ನಿಧಾನಕ್ಕೆ ತಿನ್ನೋ ಸಾಧ್ಯತೆ ಇರ್ತದೆ. ನನ್ನ ಗಾಡಿಗೆ 80ಡಬ್ಲ್ಯು-90 ಜಿಎಲ್-4, ಎರಡು ಅಂಗಡಿ ತಿರುಗಿ ಮೂರನೇದ್ರಲ್ಲಿ ಸಿಕ್ತು. ಹಳೇ ಹೋಂಡಾ ಇರೋರಿಗೆ ಎಂಟಿಎಫ್ ಅಂತ ಬೇರೇನೇ ಆಯಿಲ್ ಬರ್ತದೆ, ಹಂಗಾಗಿ ಅವರಿವರು ಹೇಳಿದ್ದು ಬಿಟ್ಟು ಗಾಡಿ ಜೊತೆ ಬಂದ ಬುಕ್ ನೋಡಿ.

ಹಾಕೋದು ಕಷ್ಟ ಇಲ್ಲ. ಬಾಟಲಿಯನ್ನ ಅರ್ಧ ಗಂಟೆ ಬಿಸಿಲಲ್ಲಿ ಇಟ್ಟೆ, ಜೇನುತುಪ್ಪದಂಗೆ ಇದ್ದದ್ದು ಸ್ವಲ್ಪ ತೆಳ್ಳಗಾಯ್ತು, ಬಾನೆಟ್ ಕಡೆಯಿಂದ ಫನೆಲ್ಲಿಗೆ ಒಂದು ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ ತೂತಿಗೆ ಬಿಟ್ಟೆ, ಮೇಲಿಂದ ಮಗಳು ಹುಯ್ದಳು, ತೂತಿಂದ ವಾಪಸ್ ಎಳೆಯಾಗಿ ಇಳಿಯೋಕೆ ಶುರುವಾದಾಗ ನಿಲ್ಲಿಸು ಅಂದೆ. ಬೋಲ್ಟಿಗೆ ಹೊಸ ವಾಷರ್. ಈಗ ಎರಡನೇ ಗೇರ್ ಸಲೀಸಾಗಿ ಬೀಳ್ತದೆ, ಗುಂಯ್ ಸದ್ದು ಪೂರ್ತಿ ಹೋಗಿಲ್ಲ, ಒಣಗಿ ಓಡಿದ ಬೇರಿಂಗ್ ಸವೆದಿರಬೇಕು, ಆ ನಷ್ಟ ಯಾರು ತುಂಬಿ ಕೊಡ್ತಾರೆ ಹೇಳಿ? ಆಯಿಲ್ ಹೋಗಿದ್ದು ಎಡಗಡೆ ಆಕ್ಸಲ್ ಸೀಲಿಂದ (ಚಕ್ರದ ದಂಡ ಗೇರ್ ಬಾಕ್ಸಿಗೆ ಸೇರೋ ಕಡೆ ಆಯಿಲ್ ಸೋರದಂಗೆ ತಡೆಯೋ ಬಳೆ), ಅದನ್ನೂ ಬದಲಾಯಿಸ್ದೆ, ಇಲ್ಲಾಂದ್ರೆ ಹಾಕಿದ್ದೆಲ್ಲಾ ಮತ್ತೆ ಸೋರೋದೇ. ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸಾಗಿ ಬಿದ್ದು ಸ್ಟಾರ್ಟ್ ಮಾಡಿದ್ಮೇಲೆ ಎಲ್ಲಾ ಗೇರೂ ಕಷ್ಟ ಆದ್ರೆ ಬಹುಶಃ ಕ್ಲಚ್ ಕೇಬಲ್ ತೊಂದರೆ, ಅದಕ್ಕೆ ಆಯಿಲ್ ಹಾಕಿ ಪ್ರಯೋಜನ ಇಲ್ಲ.

ಗ್ಯಾರೇಜಿನೋರಿಗೆ ನನ್ನ ವಿನಂತಿ, ಗಾಡಿಯೋರನ್ನ ಕರೆದು ಆ ಬೋಲ್ಟ್ ಬಿಚ್ಚಿ ತೋರಿಸಿ, ಆಮೇಲೆ ಟಿಕ್ ಹಾಕಿ. ಮಹಾನಗರ ಪಾಲಿಕೆಗೂ ಒಂದು ಮಾತು. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಬರ್ತದೆ, ಗಟಾರಕ್ಕೆ ಚೆಲ್ಲಂಗಿಲ್ಲ, ಆದ್ರೆ ಜನ ಚೆಲ್ತಾರೆ, ಇಲ್ಲಾ ಗೆದ್ದಲು ಹತ್ತಬಾರ್ದು ಅಂತ ಕಂಬಕ್ಕೆ ಬಳೀತಾರೆ, ಕಡೆಗೆ ಹೊಲಕ್ಕೆ, ಹಳ್ಳಕ್ಕೇ ಸೇರ್ತದೆ. ಮನೇಲಿ ಒಂದೆರಡು ಲೀಟರ್ ಉಳಿಸ್ಕೊಂಡೋರು ಎಲ್ಲಿಗೆ ತಂದು ಕೊಡ್ಬೇಕು, ವಾರ್ಡಿಗೊಂದು ಜಾಗ ಗೊತ್ತು ಮಾಡಿ ಬೋರ್ಡ್ ಹಾಕಿಸಿ. ನನ್ನ ಗಾಡಿಯಿಂದ ಇಳಿದ ಕರೀ ಆಯಿಲ್ ಹಳೇ ಅಡುಗೆ ಎಣ್ಣೆ ಕ್ಯಾನಲ್ಲಿ, ಮುಚ್ಚಳ ಬಿಗಿ ಮಾಡಿ, ಮಕ್ಕಳ ಕೈಗೆ ಸಿಗದಂಗೆ ಅಟ್ಟದ ಮೇಲೆ ಇಟ್ಟಿದೀನಿ. ಎಲ್ಲಿ ಅಂತ ಹೇಳಿದ್ರೆ ನಾಳೇನೇ ತಂದು ಕೊಡ್ತೀನಿ.

ಇಂತಿ,
ಹಳೇ ಮಾರುತಿ ಮಾಲೀಕ, ನಿಟ್ಟುವಳ್ಳಿ, ದಾವಣಗೆರೆ