ಅಮ್ಮನಿಗೆ, ಪುಟ್ಟಿಯ ಕಾಲಿನ ವಿಷಯ

ಬರ್ಮಿಂಗ್‌ಹ್ಯಾಮ್
ಭಾನುವಾರ ರಾತ್ರಿ

ಅಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನೀನು, ಅಪ್ಪ, ಸೀನು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಮಂಗಳವಾರ ಬಂತು. ಫೋನಿನಲ್ಲೇ ಹೇಳೋಣ ಅಂದರೆ ಪುಟ್ಟಿ ಪಕ್ಕದಲ್ಲಿ ಕೂತು ಕಿವಿ ಕೊಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಬ್ಯಾಲೆ ಮಾಡಿ ಪುಟ್ಟಿಯ ಕಾಲಿನ ಮೂಳೆಯೇ ಬಿರುಕು ಬಿಟ್ಟಿದೆ ಅಂತ ಶಾಂತತ್ತೆ ಹೇಳಿದ್ದು ನಿಜ. ಕಾಲು ಉಳುಕಿದೆ ಅಂತ ನಾನು ಹೇಳಿದ್ದೇ ಸುಳ್ಳು. ಸಿಟ್ಟು ಮಾಡಿಕೊಳ್ಳಬೇಡ. ಹೆಬ್ಬೆರಳಿನ ಪಕ್ಕದ ಬೆರಳಿಂದ ಪಾದದೊಳಗೆ ಒಂದು ಉದ್ದ ಮೂಳೆ ಹೋಗುತ್ತಲ್ಲ, ಅದರ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಬಿದ್ದು ಮುರಿದದ್ದಲ್ಲ. ದಿನಾ ಅಲ್ಲೇ ಭಾರ ಬಿದ್ದೂ ಬಿದ್ದೂ ಆದದ್ದು. ಬ್ಯಾಲೆ ಮಾಡುವವರಿಗೆ ಬಿರುಕು ಬಿಡುವ ಜಾಗವೇ ಅದಂತೆ. ಮೊದಲು ಎಕ್ಸ್‌ರೇ ತೆಗೆದು ಏನೂ ಇಲ್ಲ, ಎರಡು ದಿನ ಓಡಾಡಬೇಡ ಅಂತ ಕಳಿಸಿದ್ದರು. ಎರಡು ವಾರವಾದರೂ ನೋವು ಹೋಗಲಿಲ್ಲ. ಎಂಆರ್‌ಐ ಮಾಡಿಸಿದಾಗ ಸಿಕ್ಕಿತು. ಈಗ ಆರು ವಾರ ಮೊಣಕಾಲ ಕೆಳಗಿನ ತನಕ ಪ್ಲಾಸ್ಟಿಕ್ ಬೂಟು. ನೋವಿಲ್ಲಮ್ಮ, ಖಂಡಿತ ಇಲ್ಲ. ಟಕ್ ಟಕ್ ಅಂತ ಮನೆಯೆಲ್ಲ ಓಡಾಡುತ್ತಾಳೆ.

ಮರದ ಷೂ ಹಾಕಿಸಿ ಮಗುವಿನ ಕಾಲು ಹಾಳು ಮಾಡಿದೆ ಅಂತ ಬರೆದಿದ್ದೀಯ. ಬ್ಯಾಲೆಯಲ್ಲಿ ಬೆರಳ ತುದಿಯ ಮೇಲೆ ನಿಲ್ಲಲು ಹಾಕುವ ಷೂ ಅದು, ಅದರಲ್ಲಿ ಮರವೇ ಇಲ್ಲ. ಬಟ್ಟೆ, ಕಾಗದ ಒಂದರ ಮೇಲೊಂದು ಗೋಂದಲ್ಲಿ ಅಂಟಿಸಿ ಗಟ್ಟಿ ಮಾಡಿರುತ್ತಾರೆ, ಮೇಲೆ ನುಣುಪಾದ ಸ್ಯಾಟಿನ್. ಒಂದು ಜೊತೆಗೆ ಸುಮಾರು 50 ಪೌಂಡು. ಅಷ್ಟು ಕೊಟ್ಟು ತಂದದ್ದನ್ನು ಇವಳು ಬಾಗಿಲ ಸಂದಿಗೆ ಸಿಕ್ಕಿಸಿ ಮುರಿಯುತ್ತಾಳೆ, ಅಟ್ಟೆಯನ್ನು ಚಾಕುವಿನಲ್ಲಿ ಕೆರೆಯುತ್ತಾಳೆ. ಹಾಗೆ ಪಳಗಿಸದಿದ್ದರೆ ಕಾಲಿಗೆ ಕೂರುವುದಿಲ್ಲವಂತೆ. ರಿಬ್ಬನ್ ಹೊಲಿಯುವುದು ಹಲ್ಲಿನ ಸಂದಿ ಕ್ಲೀನ್ ಮಾಡುವ ದಾರದಲ್ಲಿ! ಮಾಮೂಲಿ ದಾರ ಕಿತ್ತುಹೋಗುತ್ತೆ ಅಂತ. ಬೆವರಿಗೆ ಗೋಂದು ಮೆತ್ತಗಾಗಿ ಕೆಲವೇ ವಾರದಲ್ಲಿ ಷೂ ಕಸದ ಬುಟ್ಟಿಗೆ. ದುಡ್ಡಿನ ಲೆಕ್ಕ ಇವರಿಗೆ ಪೂರ್ತಿ ಹೇಳಿಲ್ಲ, ನೀನೂ ಬಾಯಿ ಬಿಡಬೇಡ.

ಆದರೆ ಒಂದು ಮಾತು. ಮಲ್ಲೇಶ್ವರದಲ್ಲಿ ನಾನು ಭರತನಾಟ್ಯ ಕಲಿತದ್ದು ಕೆಂಪು ಗಾರೆ ನೆಲದ ಮೇಲೆ, ಬರಿಗಾಲಲ್ಲಿ. ಅರೆಮಂಡಿ ಕೂತು ತಟ್ಟಿ ತಟ್ಟಿ ಹಿಮ್ಮಡಿ ಕಾದ ಕಾವಲಿಯಂತೆ ಉರಿಯುತ್ತಿತ್ತು. ರಾತ್ರಿ ನೀನು ಹರಳೆಣ್ಣೆ ಹಚ್ಚಿ ಮಲಗಿಸುತ್ತಿದ್ದೆ, ಅಷ್ಟೇ. ಇಲ್ಲಿ ಬ್ಯಾಲೆ ಕ್ಲಾಸಿನಲ್ಲಿ ನೆಲದ ಹಲಗೆಯ ಕೆಳಗೆ ಟೊಳ್ಳು ಬಿಟ್ಟಿರುತ್ತಾರೆ, ಹಾರಿದರೆ ಸ್ವಲ್ಪ ಬಗ್ಗುತ್ತೆ. ಇವರಿಗೂ ಕಾಳಜಿ ಇದೆ.

ಈಗ ನೀನು ಕೊನೆಯ ಪುಟದಲ್ಲಿ, ಅಪ್ಪನ ಕಣ್ಣಿಗೆ ಬೀಳಬಾರದು ಅಂತ ಸಣ್ಣ ಅಕ್ಷರದಲ್ಲಿ ಬರೆದ ವಿಷಯ. ಕಾರ್ತಿಕಕ್ಕೆ 15 ತುಂಬುತ್ತೆ, ಹುಡುಗಿ ಇನ್ನೂ ದೊಡ್ಡವಳಾಗಿಲ್ಲವಾ ಅಂತ. ಓದಿದ ಕೂಡಲೇ ನನಗೆ ರೇಗಿತು. ಕಾಲು ಮುರಿದಿರುವಾಗ ಅಮ್ಮನಿಗೆ ಆರತಿ ಮಾಡಿ ಊರಿಗೆಲ್ಲ ಊಟ ಹಾಕುವ ಚಿಂತೆ ಅಂತ ಇವರ ಹತ್ತಿರ ಕೂಗಾಡಿದೆ. ಗುರುವಾರ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಕಾಲು ಮುಟ್ಟಿ ಕೂಡ ನೋಡಿರಲಿಲ್ಲ, ಮೊದಲು ಕೇಳಿದ್ದೇ ಅದನ್ನ. ನನ್ನ ಮುಖ ನೀನು ನೋಡಬೇಕಿತ್ತು.

ಎರಡನೇ ಪ್ರಶ್ನೆ, ವಾರಕ್ಕೆ ಎಷ್ಟು ಗಂಟೆ ಅಭ್ಯಾಸ? ಪುಟ್ಟಿ ಬೆರಳು ಮಡಚಿ ಎಣಿಸಿದಳು, 18. ವಯಸ್ಸು ಎಷ್ಟೋ ಅಷ್ಟು ಗಂಟೆ ದಾಟದಿದ್ದರೆ ಒಳ್ಳೆಯದು ಅನ್ನುವುದು ಡಾಕ್ಟರುಗಳ ಲೆಕ್ಕ. ಮೂರನೆಯದು, ಏನು ತಿನ್ನುತ್ತೀಯ? ಚಪಾತಿ, ಪಲ್ಯ, ಮೊಸರನ್ನ ಅಂತ ನಾನೇ ಜೋರಾಗಿ ಹೇಳಿದೆ. ಅವಳು ಬೂಟು ನೋಡುತ್ತಾ ಕೂತಿದ್ದಳು. ಮನೆಗೆ ಬಂದು ಅವಳ ಬ್ಯಾಗು ಕೊಡವಿದರೆ, ಬದಿಯ ಜೇಬಿನಲ್ಲಿ ಫಾಯಿಲ್ ಸುತ್ತಿದ ಆರು ಚಪಾತಿ. ಮೂರು ದಿನದ್ದು. ಹಪ್ಪಳದ ಹಾಗೆ ಆಗಿದ್ದವು.

ಡಾಕ್ಟರು ಬಿಡಿಸಿ ಹೇಳಿದರು. ತಿಂದದ್ದೆಲ್ಲ ಕುಣಿತಕ್ಕೇ ಖರ್ಚಾದರೆ ಮೈ ಬೇರೆ ಖರ್ಚಿಗೆ ಕೈ ಬಿಗಿ ಹಿಡಿಯುತ್ತೆ. ಮುಟ್ಟು ತಡವಾಗುತ್ತೆ, ಹಾರ್ಮೋನ್ ಸಾಲದೆ ಮೂಳೆ ಸೊರಗುತ್ತೆ. ಮೂಳೆಗೆ ಗಟ್ಟಿತನ ಕೂಡುವ ವಯಸ್ಸೂ ಇದೇ ನೋಡು. ಇದಕ್ಕೆ ರೆಡ್-ಎಸ್ ಅಂತ ಹೆಸರು, 2014ರಲ್ಲಿ ಒಲಿಂಪಿಕ್ ಸಮಿತಿಯವರು ಇಟ್ಟದ್ದು. ಜೊತೆಗೆ ಹೋದ ವರ್ಷ ಒಂದೇ ಸಮ ಎತ್ತರ ಬೆಳೆದಳಲ್ಲ, ಆಗ ಮೂಳೆ ಮುಂದೆ ಓಡುತ್ತೆ, ಸ್ನಾಯು ಹಿಂದೆ ಬೀಳುತ್ತೆ. ಆಗಲೇ ಅಭ್ಯಾಸ ಇಳಿಸಬೇಕಿತ್ತು. ನಾವು ಏರಿಸಿದೆವು. ತೆಳ್ಳಗಾಗು ಅಂತ ಟೀಚರ್ ಒಂದು ದಿನವೂ ಹೇಳಿಲ್ಲವಂತೆ. ಆದರೆ ಎದುರಿಗೆ ಗೋಡೆ ತುಂಬಾ ಕನ್ನಡಿ, ದಿನಕ್ಕೆ ಮೂರು ಗಂಟೆ ಅದರ ಮುಂದೆ.

ಗಾಬರಿ ಬೇಡ. ಸರಿಯಾಗಿ ತಿಂದರೆ ಎಷ್ಟೋ ಹುಡುಗಿಯರಿಗೆ ತಾನಾಗಿಯೇ ಸರಿಹೋಗುತ್ತಂತೆ. 15 ತುಂಬಿದರೂ ಆಗದಿದ್ದರೆ ಬೇರೆ ಪರೀಕ್ಷೆ ಮಾಡುತ್ತಾರೆ, ಅಷ್ಟೇ. ವಿಟಮಿನ್ ಡಿ ಕಮ್ಮಿ ಇದೆ, ಮಾತ್ರೆ ಕೊಟ್ಟಿದ್ದಾರೆ. ಈ ದೇಶದ ಬಿಸಿಲಿಗೆ ನಮ್ಮ ಬಣ್ಣದವರು ವರ್ಷಪೂರ್ತಿ ತಗೊಂಡರೆ ಒಳ್ಳೆಯದಂತೆ. ಬ್ಯಾಲೆ ಬಿಡಿಸು ಅಂತ ಮಾತ್ರ ಹೇಳಬೇಡ. ಈಗಲೂ ಕುರ್ಚಿಯ ಮೇಲೆ ಕೂತು ಕೈ ಅಭ್ಯಾಸ ಮಾಡುತ್ತಾಳೆ, ನೋಡಿದರೆ ಕರುಳು ಚುರುಕ್ ಅನ್ನುತ್ತೆ.

ಆಸ್ಪತ್ರೆಯಲ್ಲಿ ಊಟದ ವಿಷಯ ನೋಡುವ ಹುಡುಗಿಗೆ ರಾಗಿ ಅಂದರೆ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ, 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಅಂತ ಕಣ್ಣರಳಿಸಿದಳು. ನಾನು ಏನೋ ನಾನೇ ಬೆಳೆದ ಹಾಗೆ ಕೂತಿದ್ದೆ. ಸೀನು ಸ್ನೇಹಿತ ಬರುವಾಗ ಹುರಿಹಿಟ್ಟು ಎರಡು ಕೆಜಿ ಕಳಿಸು. ಆರತಿ ದಿನಕ್ಕೆ ಅಂತ ಎಳ್ಳು ತೆಗೆದಿಟ್ಟಿದ್ದೀಯಲ್ಲ, ಅದನ್ನೂ ಈಗಲೇ ಚಿಗಳಿ ಕುಟ್ಟಿ ಕಳಿಸಿಬಿಡು, ತಿನ್ನಲಿ. ಅಪ್ಪನ ಬಿಪಿ ಮಾತ್ರೆ ತಪ್ಪಿಸಬೇಡ. ಇವರು ಬಾಗಿಲಲ್ಲಿ ನಿಂತಿದ್ದಾರೆ, ಕವರ್ ಕೊಡು ಅಂತ. ಪುಟ್ಟಿ ಎದ್ದಳು, ಬೂಟಿನ ಸದ್ದು ಕೇಳುತ್ತಿದೆ. ಇಡುತ್ತೇನೆ.

ನಿನ್ನ
ಸುಮಾ