ಭಾನುವಾರದ ಸಿನಿಮಾ: ಮಕ್ಕಳನ್ನು ಕರೆತರಬೇಡಿ

ಗೆಳೆಯರೇ, ಈ ಭಾನುವಾರ ಸಂಜೆ 6ಕ್ಕೆ ತೀರ್ಥಹಳ್ಳಿಯ ನಮ್ಮನೆ ಉಪ್ಪರಿಗೆಯಲ್ಲಿ ನೋಡುವುದು 2007ರ ಅಮೆರಿಕದ ಚಿತ್ರ ‘ಸೂಪರ್‌ಬ್ಯಾಡ್’. ಮಾತೆಲ್ಲ ಪೋಲಿ, ಬೈಗುಳಕ್ಕೆ ಲೆಕ್ಕವಿಲ್ಲ. ದಯವಿಟ್ಟು ಮಕ್ಕಳು ಬೇಡ, ಹೈಸ್ಕೂಲಿನವರೂ ಬೇಡ.

ಮತ್ಯಾಕೆ ಇದೇ ಚಿತ್ರ ಅಂತ ಇಬ್ಬರು ಕೇಳಿದರು. ಬಾಲ್ಯದ ಗೆಳೆಯರಾದ ಸೇಥ್ ರೋಗನ್, ಇವಾನ್ ಗೋಲ್ಡ್‌ಬರ್ಗ್ ಇದನ್ನು ಬರೆಯಲು ಕೂತಾಗ ಅವರಿಗೆ 13 ವರ್ಷ. ಕಥೆಯ ಹುಡುಗರಿಗೂ ತಮ್ಮ ಹೆಸರನ್ನೇ ಇಟ್ಟರು. ಪಾರ್ಟಿಗೆ ಹೆಂಡ ಹೊಂದಿಸಲು ಪರದಾಡುವುದು ಮೇಲ್ನೋಟದ ಕಥೆ. ಒಳಗಿರುವುದು, ಬೇರೆ ಬೇರೆ ಕಾಲೇಜಿಗೆ ಹೋಗಬೇಕಾದ ಇಬ್ಬರ ಹೇಳಿಕೊಳ್ಳಲಾಗದ ಸಂಕಟ. ಕೊನೆಗೆ ಮಾಲ್‌ನ ಎಸ್ಕಲೇಟರ್ ಹತ್ತಿರ ಇಬ್ಬರೂ ಬೇರೆಯಾಗುತ್ತಾರಲ್ಲ, ನನಗೆ ಶಿವಮೊಗ್ಗ ಬಸ್‌ಸ್ಟ್ಯಾಂಡ್ ನೆನಪಾಯಿತು. ಪಿಯುಸಿ ಮುಗಿಸಿ ನಾನು ಮಂಗಳೂರಿನ ಬಸ್ಸು, ನನ್ನ ಗೆಳೆಯ ಬೆಂಗಳೂರಿನ ಬಸ್ಸು ಹತ್ತಿದ ದಿನ. ‘ಹೋಗಿ ಬಾರೋ’ ಅನ್ನಲಿಕ್ಕೂ ಬಾಯಿ ಬರಲಿಲ್ಲ.

ಹುಡುಗಿಯರ ಬಗ್ಗೆ ಅವರಾಡುವ ಕೆಲವು ಮಾತು ನನಗೆ ಹಿಡಿಸಲಿಲ್ಲ. ಮುಗಿದ ಮೇಲೆ ಅದನ್ನೂ ಮಾತಾಡೋಣ. ಚಿತ್ರ ಎರಡು ಗಂಟೆಗೆ ಸ್ವಲ್ಪ ಕಡಿಮೆ. ಮಳೆಗೆ ಕರೆಂಟ್ ಹೋದರೆ ಇನ್ವರ್ಟರ್ ಇದೆ. ಬರುವವರು ಶನಿವಾರ ರಾತ್ರಿಯೊಳಗೆ ತಿಳಿಸಿ, ಅವಲಕ್ಕಿ ಎಷ್ಟು ಕಲಸಬೇಕು ಅಂತ ಗೊತ್ತಾಗಬೇಕು.